ವಾಹನಕ್ಕೆ ತಡೆ ಇರಲಿ, ಗಾಲಿಕುರ್ಚಿಗೆ ಬೇಡ

ರಸ್ತೆ ಬಂದ್ ಮಾಡುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಇಂಡಿಯ ಶಾಂತೇಶ್ವರ ಜಾತ್ರೆ, ಸಿಂದಗಿಯ ನೀಲಗಂಗಾದೇವಿ ಜಾತ್ರೆ, ಮುದ್ದೇಬಿಹಾಳದ ಗ್ರಾಮದೇವತೆ ಜಾತ್ರೆ, ಬಸವನಬಾಗೇವಾಡಿಯ ಶ್ರಾವಣದ ಜಾತ್ರೆ ಬಂದರೆ ಸಾಕು, ಪೇಟೆ ರಸ್ತೆಗೆ ಬ್ಯಾರಿಕೇಡ್ ಬೀಳುತ್ತದೆ. ವಾರದ ಸಂತೆಯ ದಿನ ಬ್ಯಾರಿಕೇಡ್ ಇಲ್ಲದಿದ್ದರೂ ಜನರೇ ರಸ್ತೆ ತುಂಬಿ, ವಾಹನಗಳು ತಾವಾಗಿಯೇ ಬೇರೆ ದಾರಿ ಹಿಡಿಯುತ್ತವೆ. ವಿಜಯಪುರದಲ್ಲಿ ವೃಕ್ಷಥಾನ್ ಓಟ ನಡೆಯುವ ಡಿಸೆಂಬರ್ ಭಾನುವಾರದ ಬೆಳಿಗ್ಗೆ ರಸ್ತೆಗಳಲ್ಲಿ ಓಡುವವರದೇ ರಾಜ್ಯ. ಅಂದರೆ ‘ವಾಹನರಹಿತ ರಸ್ತೆ’ ಎಂಬುದು ವಿದೇಶದಿಂದ ಬಂದ ಮಾತಲ್ಲ. ನಮ್ಮಲ್ಲಿ ಅದಕ್ಕೆ ಹೆಸರಿಟ್ಟಿರಲಿಲ್ಲ, ಅಷ್ಟೇ.

ಈಗ ಹೆಸರೂ ಬಂದಿದೆ. ದೊಡ್ಡ ನಗರಗಳಲ್ಲಿ ವಾರಾಂತ್ಯಕ್ಕೆ ಒಂದು ರಸ್ತೆಯನ್ನು ನಡೆಯುವವರಿಗೂ ಸೈಕಲ್ ಸವಾರರಿಗೂ ಬಿಟ್ಟುಕೊಡುವ ಪ್ರಯೋಗಗಳು ನಡೆಯುತ್ತಿವೆ. ಅದನ್ನು ನೋಡಿ ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಭಾನುವಾರ ಬೆಳಿಗ್ಗೆ ಒಂದು ರಸ್ತೆ ಖಾಲಿ ಇದ್ದರೆ ಎಷ್ಟು ಚೆಂದ ಎಂದು ನಾವು ಗೆಳೆಯರು ಮಾತಾಡಿಕೊಳ್ಳುತ್ತೇವೆ. ನನಗೂ ಆ ಆಸೆ ಇದೆ. ಆದರೆ ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ನನ್ನನ್ನು ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ. ವಾಹನ ಇಲ್ಲದ ರಸ್ತೆಯಲ್ಲಿ, ನಡೆಯಲು ಆಗದವರು ಹೇಗೆ ಬರಬೇಕು?

ಇಬ್ಬರು, ಎರಡು ಮಾತು

ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎರಡೂ ಕಾಲಿನ ಶಕ್ತಿ ಹೋಗಿದೆ. ಹಿಂದೆ ಎರಡು ಹೆಚ್ಚುವರಿ ಗಾಲಿ ಹಚ್ಚಿದ ಸ್ಕೂಟರ್ ಅವರ ಕಾಲು. ಪೇಟೆಯೊಳಗೆ ಅವರದು ಮೊಬೈಲ್ ರಿಪೇರಿ ಅಂಗಡಿ. ಒಂದು ಜಾತ್ರೆಯ ಸಂಜೆ ಬ್ಯಾರಿಕೇಡ್ ಹತ್ತಿರ ಅವರನ್ನು ತಡೆದು, ‘ಗಾಡಿ ಬಿಡಂಗಿಲ್ಲ, ಇಳಿದು ಹೋಗ್ರಿ’ ಅಂದರು. ‘ಇಳದ್ರ ನಡಿಯೋರು ಯಾರೋ ತಮ್ಮಾ?’ ಅಂತ ಕಾಕಾ ನಕ್ಕರು. ತಡೆದವನಿಗೂ ನಗು ಬಂತು. ಆದರೆ ಮೇಲಿನವರ ಆದೇಶ ಇತ್ತು, ಬಿಡಲಿಲ್ಲ. ವರ್ಷದಲ್ಲಿ ಹೆಚ್ಚು ವ್ಯಾಪಾರ ಆಗುವ ಆ ಸಂಜೆ ಅಂಗಡಿ ತೆರೆಯದೆ ಕಾಕಾ ಮನೆಗೆ ಬಂದರು. ಅಂದಿನಿಂದ ‘ರಸ್ತೆ ಬಂದ್’ ಎಂಬ ಮಾತು ಕೇಳಿದರೆ ಸಾಕು, ‘ಯಾರಿಗೆ ಬಂದ್?’ ಅಂತ ಕೇಳುತ್ತಾರೆ.

ಇನ್ನೊಬ್ಬಳು ನನ್ನ ಹೈಸ್ಕೂಲು ಗೆಳತಿ. ವೀಲ್‌ಚೇರ್ ಬಳಸುತ್ತಾಳೆ. ಈಗ ಪದವಿ ಮುಗಿಸುತ್ತ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ಮಾತೇ ಬೇರೆ. ‘ನನಗ ವಾರದಾಗ ಒಂದು ದಿನಾನರ ಗಾಡಿ ಇಲ್ಲದ ರಸ್ತೆ ಬೇಕು. ಅವ್ವ ಹಿಂದಿನಿಂದ ನೂಕೋವಾಗ ಬೈಕಿನವರು ಹಾರ್ನ್ ಹೊಡದು ಹೊಡದು ನಾವಿಬ್ಬರೂ ಗಟಾರದ ಅಂಚಿಗೆ ಹೋಗಿರ್ತೀವಿ’ ಅನ್ನುತ್ತಾಳೆ. ಯಾರ ನೆರವೂ ಇಲ್ಲದೆ, ತನ್ನ ಕೈಯಿಂದಲೇ ಗಾಲಿ ತಿರುಗಿಸಿಕೊಂಡು ಅರ್ಧ ಕಿಲೋಮೀಟರ್ ಹೋಗಬೇಕು ಎಂಬುದು ಅವಳ ಆಸೆ. ಅಂಥ ರಸ್ತೆ ಅವಳ ಊರಿನಲ್ಲಿ ಒಂದೂ ಇಲ್ಲ.

ಇಬ್ಬರೂ ಅಂಗವಿಕಲರೇ. ಒಬ್ಬರಿಗೆ ರಸ್ತೆ ಬಂದ್ ಆದರೆ ತೊಂದರೆ, ಇನ್ನೊಬ್ಬಳಿಗೆ ಬಂದ್ ಆಗದಿದ್ದರೆ ತೊಂದರೆ. ‘ಅಂಗವಿಕಲರಿಗೆ ಇದು ಒಳ್ಳೆಯದು’ ಅಥವಾ ‘ಕೆಟ್ಟದ್ದು’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಲು ಆಗುವುದಿಲ್ಲ. ಇಬ್ಬರ ಮಾತನ್ನೂ ಒಟ್ಟಿಗೆ ಇಟ್ಟುಕೊಂಡು ಯೋಜನೆ ಮಾಡಬೇಕಾಗುತ್ತದೆ.

ಬೆಂಗಳೂರು ಮತ್ತು ಆಚೆ

ನಮ್ಮ ರಾಜ್ಯದಲ್ಲಿ ಈ ಪ್ರಯೋಗಕ್ಕೆ ಹತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ನಗರ ಭೂ ಸಾರಿಗೆ ನಿರ್ದೇಶನಾಲಯ 2013ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕ್‌ನಿಂದ ‘ಸೈಕಲ್ ದಿನ’ ಆರಂಭಿಸಿತು. ಆ ಉದ್ಯಾನದೊಳಗೆ ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳಲ್ಲಿ ವಾಹನ ಸಂಚಾರ ಇಲ್ಲ. 2018ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ತಿಂಗಳ ಎರಡನೇ ಭಾನುವಾರವನ್ನು ‘ವಿರಳ ಸಂಚಾರ ದಿನ’ ಎಂದು ಘೋಷಿಸಿ, ಸ್ವಂತ ವಾಹನ ಬಿಟ್ಟು ಬಸ್ ಹತ್ತುವಂತೆ ಜನರಿಗೆ ಕರೆ ಕೊಟ್ಟಿತು. 2020ರ ನವೆಂಬರ್‌ನಿಂದ 2021ರ ಫೆಬ್ರುವರಿವರೆಗೆ ಬೆಂಗಳೂರಿನ ಚರ್ಚ್ ಸ್ಟ್ರೀಟ್ ವಾರಾಂತ್ಯಗಳಲ್ಲಿ ವಾಹನಮುಕ್ತವಾಗಿತ್ತು. ಗಾಳಿಯ ಗುಣಮಟ್ಟ ಎಷ್ಟು ಸುಧಾರಿಸುತ್ತದೆ ಎಂಬ ಅಧ್ಯಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಕೈಜೋಡಿಸಿತ್ತು.

ಜಗತ್ತಿನಲ್ಲಿ ಇದಕ್ಕೆ ದೊಡ್ಡ ಮಾದರಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೋಟಾ ನಗರ. ‘ಸಿಕ್ಲೊವಿಯಾ’ ಎಂಬ ಹೆಸರಿನಲ್ಲಿ 1974ರಲ್ಲಿ ಆರಂಭವಾದ ಅಲ್ಲಿನ ಕಾರ್ಯಕ್ರಮದಲ್ಲಿ ಭಾನುವಾರ ಮತ್ತು ರಜಾದಿನಗಳಂದು ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 120 ಕಿಲೋಮೀಟರ್‌ಗೂ ಹೆಚ್ಚು ರಸ್ತೆ ಜನರಿಗೆ ಸಿಗುತ್ತದೆ. ನಮ್ಮ ದೇಶದ ಗುರುಗ್ರಾಮದಲ್ಲಿ 2013ರ ನವೆಂಬರ್‌ನಲ್ಲಿ ಶುರುವಾದ ‘ರಾಹ್‌ಗಿರಿ’ಗೂ ಬೊಗೋಟಾವೇ ಸ್ಫೂರ್ತಿ.

ಕಾಕಾ ಮತ್ತು ನನ್ನ ಗೆಳತಿಯ ನಡುವಿನ ಭಿನ್ನಾಭಿಪ್ರಾಯ ದೊಡ್ಡ ಮಟ್ಟದಲ್ಲಿ ನಡೆದದ್ದು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ. ಅಲ್ಲಿನ ಗೋಲ್ಡನ್ ಗೇಟ್ ಪಾರ್ಕ್‌ನೊಳಗಿನ ಮುಖ್ಯ ರಸ್ತೆಗೆ 1967ರಿಂದಲೂ ಭಾನುವಾರ ಕಾರು ಬಿಡುತ್ತಿರಲಿಲ್ಲ. ಕೋವಿಡ್ ಬಂದ 2020ರಲ್ಲಿ ಆ ರಸ್ತೆ ವಾರವಿಡೀ ಬಂದ್ ಆಯಿತು. ಅದನ್ನು ಹಾಗೆಯೇ ಮುಂದುವರಿಸಬೇಕೇ ಎಂಬ ಪ್ರಶ್ನೆ ಬಂದಾಗ, ವಸ್ತುಸಂಗ್ರಹಾಲಯದ ಬಾಗಿಲವರೆಗೆ ಕಾರಿನಲ್ಲಿ ಬಂದು ಇಳಿಯುತ್ತಿದ್ದ ಅಂಗವಿಕಲರು ಮತ್ತು ಹಿರಿಯರು ‘ನಮ್ಮ ಪಾರ್ಕಿಂಗ್ ಜಾಗ ಹೋಯಿತು’ ಎಂದು ಆಕ್ಷೇಪಿಸಿದರು. ‘ಕಾರಿನ ಭಯವಿಲ್ಲದೆ ವೀಲ್‌ಚೇರಿನಲ್ಲಿ ಓಡಾಡಲು ಸಿಕ್ಕ ಜಾಗ ಇದೊಂದೇ’ ಎಂದವರೂ ಅವರೊಳಗೇ ಇದ್ದರು. ವಿಷಯ ಮತದಾನದವರೆಗೆ ಹೋಯಿತು. 2022ರ ನವೆಂಬರ್‌ನಲ್ಲಿ ಜನ ರಸ್ತೆ ವಾಹನಮುಕ್ತವಾಗಿಯೇ ಇರಲಿ ಎಂದರು. ಆದರೆ ಜಗಳ ವ್ಯರ್ಥವಾಗಲಿಲ್ಲ. ಅಂಗವಿಕಲರಿಗೆಂದೇ ಹತ್ತಿರದಲ್ಲಿ ಹೊಸ ಪಾರ್ಕಿಂಗ್ ಜಾಗ ಗುರುತಾಯಿತು, ಉದ್ಯಾನದೊಳಗೆ ಉಚಿತ ಬಸ್ ಓಡಿತು. ಇಷ್ಟು ಆಗಿದ್ದು ತೊಂದರೆಯಾದವರು ಸುಮ್ಮನೆ ಕೂರದೆ ಕೇಳಿದ್ದರಿಂದ.

ಒಂದು ಇಂಚಿನ ಲೆಕ್ಕ

ರಸ್ತೆಯಲ್ಲಿ ವಾಹನ ಇಲ್ಲದಿದ್ದರೆ ಸಾಕು, ವೀಲ್‌ಚೇರ್ ಆರಾಮಾಗಿ ಹೋಗುತ್ತದೆ ಎಂದುಕೊಳ್ಳುವುದು ಸುಲಭ. ಮೊದಲ ವರ್ಷದ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಓದಿದವರು ಹಾಗೆ ಹೇಳಲಾರರು. ರೋಲರ್ ಒಂದನ್ನು ಮೆಟ್ಟಿಲ ಮೇಲೆ ಹತ್ತಿಸಲು ಎಷ್ಟು ಬಲ ಬೇಕು ಎಂಬ ಲೆಕ್ಕ ನಮಗೆಲ್ಲ ನೆನಪಿರುತ್ತದೆ. ಅದೇ ಲೆಕ್ಕವನ್ನು ವೀಲ್‌ಚೇರಿಗೆ ಹಚ್ಚಿ ನೋಡಿ.

ವೀಲ್‌ಚೇರಿನ ಮುಂದಿನ ಪುಟ್ಟ ಗಾಲಿಯ ವ್ಯಾಸ 200 ಮಿಲಿಮೀಟರ್ ಎಂದುಕೊಳ್ಳೋಣ. ಎದುರಿಗೆ 25 ಮಿಲಿಮೀಟರ್, ಅಂದರೆ ಒಂದು ಇಂಚಿನ ಅಂಚು ಬಂದರೆ, ಅದನ್ನು ನೇರವಾಗಿ ನೂಕಿ ಹತ್ತಿಸಲು ಆ ಗಾಲಿಯ ಮೇಲಿರುವ ಭಾರದ ಶೇ 88ರಷ್ಟು ಬಲ ಬೇಕು. ಅಂಚು ಎರಡು ಇಂಚಾದರೆ ಬೇಕಾಗುವ ಬಲ ಭಾರದ ಒಂದೂಮುಕ್ಕಾಲು ಪಟ್ಟು. ನಾಲ್ಕು ಇಂಚಾದರೆ ಎಷ್ಟೇ ನೂಕಿದರೂ ಗಾಲಿ ಹತ್ತುವುದೇ ಇಲ್ಲ. ಯಾರಾದರೂ ಎತ್ತಿಯೇ ಇಡಬೇಕು. ಅದೇ 600 ಮಿಲಿಮೀಟರ್ ವ್ಯಾಸದ ದೊಡ್ಡ ಗಾಲಿಗೆ ಒಂದು ಇಂಚಿನ ಅಂಚು ಹತ್ತಲು ಶೇ 44ರಷ್ಟು ಬಲ ಸಾಕು. ನಮ್ಮ ಊರುಗಳಲ್ಲಿ ಕೈಪೆಡಲ್ ತ್ರಿಚಕ್ರ ಸೈಕಲ್ ಕಂಡಷ್ಟು ವೀಲ್‌ಚೇರ್ ಕಾಣದಿರುವುದಕ್ಕೆ ಇದೂ ಒಂದು ಕಾರಣ. ನಮ್ಮ ರಸ್ತೆಗೆ ದೊಡ್ಡ ಗಾಲಿಯೇ ಬೇಕು.

ನಡೆಯುವವರು ದಿನವೂ ದಾಟುವ, ಆದರೆ ಲೆಕ್ಕಕ್ಕೆ ಇಡದ ಎಷ್ಟೋ ಅಂಚುಗಳು ಪೇಟೆಯಲ್ಲಿವೆ. ಪೈಪ್ ಹಾಕಲು ಅಗೆದು ಅರೆಬರೆ ಮುಚ್ಚಿದ ಗುಂಡಿ, ಗಟಾರದ ಮೇಲೆ ಎದ್ದು ನಿಂತ ಚಪ್ಪಡಿ, ಡಾಂಬರು ಮತ್ತು ಸಿಮೆಂಟ್ ರಸ್ತೆ ಕೂಡುವ ಕಡೆಯ ಏರು, ಅವೈಜ್ಞಾನಿಕ ಹಂಪ್‌. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಹಾಸಿರುವ ಚೌಕ ಕಲ್ಲುಗಳು ನೋಡಲು ಅಂದ. ಆದರೆ ಕಲ್ಲು ಕಲ್ಲಿನ ನಡುವಿನ ಸಂದಿಗೆ ಸಣ್ಣ ಗಾಲಿ ಇಳಿದೇಳುವಾಗ ಆಗುವ ಕುಲುಕು, ಬೆನ್ನುಹುರಿಗೆ ಪೆಟ್ಟಾದವರಿಗೆ ಸಣ್ಣದಲ್ಲ.

ಇಳಿಜಾರಿನದೂ ಹೀಗೆಯೇ. ಕುಳಿತವರು ಮತ್ತು ಕುರ್ಚಿ ಸೇರಿ 100 ಕೆ.ಜಿ. ಭಾರ ಎಂದುಕೊಂಡರೆ, 1:12ರ ರ್‍ಯಾಂಪ್ ಏರಲು ಸುಮಾರು 8 ಕೆ.ಜಿ.ಯಷ್ಟು ಬಲ ಸಾಕು. 1:4ರ ರ್‍ಯಾಂಪ್ ಆದರೆ 24 ಕೆ.ಜಿ.ಯಷ್ಟು ಬೇಕು. ಮಾರ್ಗಸೂಚಿಗಳು 1:12 ಎಂದು ಹೇಳುವುದು ಇದಕ್ಕೇ. ಕಟ್ಟಡದ ಪಾಯ ನೆಲದಿಂದ ಎರಡು ಅಡಿ ಎತ್ತರ ಇದ್ದರೆ ರ್‍ಯಾಂಪ್ 24 ಅಡಿ ಉದ್ದ ಇರಬೇಕು. ಜಾಗವಿಲ್ಲ ಎಂದು ಅದನ್ನು ಎಂಟು ಅಡಿಗೆ ಮುಗಿಸಿದರೆ ಫೋಟೊಕ್ಕೆ ರ್‍ಯಾಂಪ್ ಸಿಗುತ್ತದೆ, ಏರುವವರಿಗೆ ಸಿಗುವುದಿಲ್ಲ.

ಕಾನೂನು ಏನು ಹೇಳುತ್ತದೆ?

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದಾರೆ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಅದರಡಿಯ ನಿಯಮಗಳು 2017ರ ಜೂನ್‌ನಲ್ಲಿ ಹೊರಬಿದ್ದವು. ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕು ಎಂದು ಕಾಯ್ದೆ ಹೇಳಿತ್ತು. ಆ ಗಡುವು 2022ಕ್ಕೇ ಮುಗಿದಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯ ನಿಯಮಗಳಾಗಬೇಕು ಎಂದು ಕೇಂದ್ರಕ್ಕೆ ಸೂಚಿಸಿತು. ದೃಷ್ಟಿದೋಷವಿರುವ ಒಬ್ಬ ವ್ಯಕ್ತಿ 2005ರಲ್ಲಿ ಹೂಡಿದ್ದ ಅರ್ಜಿ ಅಷ್ಟು ದೂರ ಬಂದು ತಲುಪಿತು.

ಕಾಕಾನ ಸ್ಕೂಟರಿನ ವಿಷಯಕ್ಕೆ ಬಂದರೆ, ಕಾನೂನಿನ ಕಣ್ಣಿನಲ್ಲಿ ಅದು ವಾಹನವೇ. ಆದರೆ ಬೇರೆ ವಾಹನಗಳ ಹಾಗಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲು ಇದಕ್ಕೆ ‘ಇನ್‌ವ್ಯಾಲಿಡ್ ಕ್ಯಾರೇಜ್’ ಎಂಬ ಹೆಸರಿತ್ತು. 2019ರ ತಿದ್ದುಪಡಿಯಲ್ಲಿ ‘ಅಡಾಪ್ಟೆಡ್ ವೆಹಿಕಲ್’, ಅಂದರೆ ಬಳಸುವವರ ದೇಹಕ್ಕೆ ತಕ್ಕಂತೆ ಬದಲಿಸಿದ ವಾಹನ ಎಂಬ ಹೆಸರು ಬಂತು. ಕಾಯ್ದೆಯೇ ಇದನ್ನು ಬೇರೆಯಾಗಿ ಗುರುತಿಸುವಾಗ, ಬ್ಯಾರಿಕೇಡ್ ಇಡುವ ಆದೇಶದಲ್ಲಿಯೂ ‘ಇವುಗಳನ್ನು ಬಿಟ್ಟು’ ಎಂಬ ಒಂದು ಸಾಲು ಸೇರಿಸಲು ಕಷ್ಟವೇನೂ ಇಲ್ಲ.

ಓದುವವರಿಗೆ ಇದರಿಂದ ಏನು?

ಈ ಪುಟ ಓದುವವರಲ್ಲಿ ಹೆಚ್ಚಿನವರು ಕಾಲೇಜಿಗೆ ಹೋಗುವವರು, ಪರೀಕ್ಷೆಗೆ ಓದುವವರು. ಸರ್ಕಾರಿ ನೌಕರಿಯಲ್ಲಿ ಅಂಗವಿಕಲರಿಗೆ ಕನಿಷ್ಠ ಶೇ 4, ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇ 5ರಷ್ಟು ಮೀಸಲಾತಿಯನ್ನು ಕಾಯ್ದೆ ಕೊಟ್ಟಿದೆ. ಆದರೆ ನನ್ನ ಗೆಳತಿ ಹೋಗಬೇಕೆಂದಿದ್ದ ಕೋಚಿಂಗ್ ಸೆಂಟರ್ ಇರುವುದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅವಳು ಮನೆಯಲ್ಲೇ ಮೊಬೈಲ್ ನೋಡಿ ಓದುತ್ತಾಳೆ. ಅಂಗವಿಕಲರಿಗೆ ವರ್ಷಕ್ಕೆ 660 ರೂಪಾಯಿಯ ರಿಯಾಯಿತಿ ಬಸ್ ಪಾಸ್ ಇದೆ. ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ ಓಡಾಡಬಹುದು. ನಮ್ಮ ನಾಲ್ಕೂ ಊರಿನಿಂದ ವಿಜಯಪುರ ಆ ಅಳತೆಯೊಳಗೇ ಬರುತ್ತದೆ. ಪಾಸ್ ಅವಳ ಪರ್ಸಿನಲ್ಲಿದೆ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಅವಳ ಕುರ್ಚಿಯ ಸೀಟಿನಷ್ಟು ಎತ್ತರ. ಮನೆಯಿಂದ ಬಸ್ ನಿಲ್ದಾಣ, ಅಲ್ಲಿಂದ ಪರೀಕ್ಷಾ ಕೇಂದ್ರ, ಮುಂದೆ ಕಚೇರಿ. ಈ ಸರಪಳಿಯ ಒಂದು ಕೊಂಡಿ ತಪ್ಪಿದರೂ ಮೀಸಲಾತಿ ಕಾಗದದಲ್ಲೇ ಉಳಿಯುತ್ತದೆ.

ಹಾಗಿದ್ದ ಮೇಲೆ ಭಾನುವಾರದ ಮೂರು ತಾಸಿನ ವಾಹನರಹಿತ ರಸ್ತೆಯಿಂದ ಏನಾದೀತು ಎಂದು ಕೇಳಬಹುದು. ನನ್ನ ಉತ್ತರ ಇಷ್ಟೇ: ಆ ಮೂರು ತಾಸು ಊರಿಗೆ ಒಂದು ಪರೀಕ್ಷೆ ಇದ್ದ ಹಾಗೆ. ವಾಹನ ಇರುವಾಗ ‘ಟ್ರಾಫಿಕ್ ಜಾಸ್ತಿ, ಅದಕ್ಕೇ ಅವರು ಹೊರಗೆ ಬರುವುದಿಲ್ಲ’ ಎನ್ನುತ್ತೇವೆ. ವಾಹನ ತೆಗೆದ ಮೇಲೂ ಅವರು ಬರಲಾಗದಿದ್ದರೆ, ತಡೆದದ್ದು ಯಾವ ಅಂಚು, ಯಾವ ಗುಂಡಿ, ಯಾವ ಮೆಟ್ಟಿಲು ಎಂಬುದು ಎಲ್ಲರ ಕಣ್ಣಿಗೆ ಬೀಳುತ್ತದೆ.

ಹೇಗೆ ಮಾಡಬಹುದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ನಾಲ್ಕೂ 2011ರ ಲೆಕ್ಕದಲ್ಲಿ ಮೂವತ್ತರಿಂದ ನಲವತ್ತು ಸಾವಿರ ಜನಸಂಖ್ಯೆಯ ಊರುಗಳು. ಇಲ್ಲಿ ಚರ್ಚ್ ಸ್ಟ್ರೀಟ್‌ನ ನಕಲು ಬೇಡ. ಸಿಂದಗಿಯಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಂಥ ರಸ್ತೆಯನ್ನು ಬಂದ್ ಮಾಡಲು ಆಗದು, ಮಾಡಲೂಬಾರದು. ಪೇಟೆಯೊಳಗಿನ ಅರ್ಧ ಕಿಲೋಮೀಟರ್ ಸಾಕು. ಸಮಯ ಬೆಳಿಗ್ಗೆ 6ರಿಂದ 9. ನಮ್ಮ ಬಿಸಿಲಿನಲ್ಲಿ ಅದಕ್ಕಿಂತ ತಡವಾದರೆ ಯಾರೂ ಬರುವುದಿಲ್ಲ, ಅಂಗಡಿಕಾರರೂ ಒಪ್ಪುವುದಿಲ್ಲ.

ಮೊದಲನೆಯದು, ಬ್ಯಾರಿಕೇಡ್‌ಗಳ ನಡುವೆ ನಾಲ್ಕು ಅಡಿ, ಅಂದರೆ 1.2 ಮೀಟರ್ ಅಂತರ ಬಿಡಬೇಕು. ವೀಲ್‌ಚೇರ್ ಮತ್ತು ಕೈಪೆಡಲ್ ಸೈಕಲ್ ಅದರಲ್ಲಿ ದಾಟುತ್ತವೆ. ಸುಮಾರು 1.3 ಮೀಟರ್ ಅಗಲದ ಆಟೊ ದಾಟುವುದಿಲ್ಲ, ಕಾರಂತೂ ಸಾಧ್ಯವೇ ಇಲ್ಲ. ನುಸುಳುವ ಬೈಕುಗಳನ್ನು ತಡೆಯಲು ಇಬ್ಬರು ಸ್ವಯಂಸೇವಕರು ನಿಲ್ಲಬೇಕು. ಕಾಲೇಜು ಹುಡುಗರಾದ ನಾವೇ ನಿಂತರಾಯಿತು.

ಎರಡನೆಯದು, ಅಂಗವಿಕಲರ ತ್ರಿಚಕ್ರ ಸ್ಕೂಟರುಗಳಿಗೆ ನಡಿಗೆಯ ವೇಗದಲ್ಲಿ ಒಳಗೆ ಹೋಗಲು ಅವಕಾಶ ಇರಬೇಕು. ಅಂತರ ಸಾಲದಿದ್ದರೆ ಬ್ಯಾರಿಕೇಡ್ ಸರಿಸಿ ಬಿಡಬೇಕು. ಆದೇಶದಲ್ಲಿಯೇ ಇದನ್ನು ಬರೆದರೆ ಬ್ಯಾರಿಕೇಡ್ ಬಳಿ ನಿಂತವರು ಇಕ್ಕಟ್ಟಿಗೆ ಸಿಲುಕುವುದಿಲ್ಲ.

ಮೂರನೆಯದು, ರಸ್ತೆಯ ಎರಡೂ ತುದಿಗೆ ಆಟೊ ಅಥವಾ ಕಾರಿನಲ್ಲಿ ಬಂದವರು ಇಳಿಯುವ ಜಾಗ ಇರಬೇಕು. ಅಂಗವಿಕಲರ ಪಾರ್ಕಿಂಗ್ ಜಾಗ 3.6 ಮೀಟರ್ ಅಗಲ ಇರಬೇಕು ಎಂಬುದು ಮಾನದಂಡ. ಬಾಗಿಲು ಪೂರ್ತಿ ತೆರೆದು, ಪಕ್ಕದಲ್ಲಿ ಕುರ್ಚಿ ಇಟ್ಟು, ದಾಟಿ ಕೂರಲು ಅಷ್ಟು ಜಾಗ ಬೇಕೇ ಬೇಕು. ನಡುವೆ ಎಲ್ಲಾದರೂ ವೀಲ್‌ಚೇರ್ ಹೋಗುವಂಥ ಒಂದು ಶೌಚಾಲಯ ಇರಬೇಕು. ಅದಿಲ್ಲವೆಂದೇ ಎಷ್ಟೋ ಹೆಣ್ಣುಮಕ್ಕಳು ಮನೆ ಬಿಟ್ಟು ಹೊರಡುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ದಿನ ಗೊತ್ತು ಮಾಡುವ ಮೊದಲು ಅವರನ್ನು ಕೇಳಬೇಕು. ಪ್ರತಿ ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಊರಿನ ಅಂಗವಿಕಲರ ಪಟ್ಟಿ ಅವರ ಬಳಿ ಇರುತ್ತದೆ. ಸ್ಥಳೀಯ ಸಂಸ್ಥೆಗಳಲ್ಲಿ ಅಂಗವಿಕಲರಿಗೆಂದು ಶೇ 5ರಷ್ಟು ಹಣ ಮೀಸಲಿಡುವ ವ್ಯವಸ್ಥೆಯೂ ಇದೆ. ಅದರಲ್ಲಿ ಸ್ವಲ್ಪವನ್ನು ಆ ಅರ್ಧ ಕಿಲೋಮೀಟರಿನ ಅಂಚು ಸವರಲು, ಗುಂಡಿ ಮುಚ್ಚಲು ಬಳಸಿದರೆ ಅದರ ಲಾಭ ವಾರದ ಏಳೂ ದಿನ ಸಿಗುತ್ತದೆ. ಮಗುವಿನ ಗಾಡಿ ನೂಕುವ ತಾಯಿಗೆ, ಮೊಣಕಾಲು ನೋವಿನ ಅಜ್ಜಿಗೆ, ಲಿಂಬೆಹಣ್ಣಿನ ಕೈಗಾಡಿ ತಳ್ಳುವ ವ್ಯಾಪಾರಿಗೆ ಕೂಡ.

ಟೇಪ್ ಹಿಡಿದು ಹೊರಡೋಣ

ಎಂಜಿನಿಯರಿಂಗ್ ಓದುವವರಿಗೆ ವಿಟಿಯು ಪಠ್ಯಕ್ರಮದಲ್ಲಿ ‘ಸೋಷಿಯಲ್ ಕನೆಕ್ಟ್ ಆ್ಯಂಡ್ ರೆಸ್ಪಾನ್ಸಿಬಿಲಿಟಿ’ ಎಂಬ ವಿಷಯ ಇದೆ. ಪದವಿ ಕಾಲೇಜುಗಳಲ್ಲಿ ಎನ್‌ಎಸ್‌ಎಸ್ ಘಟಕಗಳಿವೆ. ಗಿಡ ನೆಟ್ಟು ಫೋಟೊ ತೆಗೆಸಿಕೊಂಡು ವರದಿ ಬರೆಯುವ ಬದಲು ಒಂದು ಮೆಜರಿಂಗ್ ಟೇಪ್, ಒಂದು ಸ್ಪಿರಿಟ್ ಲೆವೆಲ್, ಒಂದು ಡಬ್ಬಿ ಸುಣ್ಣ ಹಿಡಿದು ಪೇಟೆಗೆ ಇಳಿಯಬಹುದು. ಒಂದು ಇಂಚಿಗಿಂತ ಎತ್ತರದ ಪ್ರತಿ ಅಂಚಿಗೂ ಸುಣ್ಣದ ಗುರುತು ಹಾಕಿ, ಅಳತೆ ಬರೆದು, ನಕ್ಷೆ ಮಾಡಿ ಮುಖ್ಯಾಧಿಕಾರಿಯ ಮೇಜಿನ ಮೇಲೆ ಇಡಬಹುದು. ಅಳೆಯುವಾಗ ಗಾಲಿಕುರ್ಚಿ ಬಳಸುವ ಒಬ್ಬರಾದರೂ ನಮ್ಮ ಜೊತೆಗಿರಬೇಕು. ನಮ್ಮ ಕಣ್ಣಿಗೆ ಕಾಣದ್ದು ಅವರ ಗಾಲಿಗೆ ಗೊತ್ತಾಗುತ್ತದೆ.

ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. ನಮ್ಮಲ್ಲಿ ಬೆಳಗಿನ ಹವೆ ಹಿತವಾಗಿರುವ ಕಾಲ. ಪ್ರತಿ ವರ್ಷ ಅಂದು ವೇದಿಕೆ ಹಾಕಿ, ಸನ್ಮಾನ ಮಾಡಿ, ಭಾಷಣ ಮುಗಿಸುತ್ತೇವೆ. ಆ ವೇದಿಕೆಗೆ ಮೆಟ್ಟಿಲು ಮಾತ್ರ ಇರುವುದೂ ಉಂಟು. ಈ ಸಲ ಅದರ ಹತ್ತಿರದ ಭಾನುವಾರ ನಾಲ್ಕು ಊರಿನಲ್ಲಿ ಒಂದೊಂದು ರಸ್ತೆಯನ್ನು ಮೂರು ತಾಸು ತೆರೆದಿಡಲು ಕೇಳೋಣ. ಎಷ್ಟು ಜನ ಓಡಿದರು, ಎಷ್ಟು ಸೈಕಲ್ ಬಂದವು ಎಂದು ಎಣಿಸುವವರು ಬಹಳ ಮಂದಿ ಸಿಗುತ್ತಾರೆ. ನಾವು ಗಾಲಿಕುರ್ಚಿ ಮತ್ತು ತ್ರಿಚಕ್ರಗಳನ್ನು ಎಣಿಸೋಣ. ಮೊದಲ ವಾರ ಎರಡೇ ಬರಬಹುದು. ಮುಂದಿನ ವಾರ ಮೂರಾದರೆ, ಆ ಮೂರನೆಯವರು ಯಾವ ಅಂಚು ಸವೆಸಿದ್ದರಿಂದ ಬಂದರು ಎಂದು ಕೇಳಿ ಬರೆದಿಟ್ಟುಕೊಳ್ಳೋಣ.